ಮುಂದಕ್ಕೆ ಸರಿದ ಗಂಟೆ

1942ನೆಯ ಇಸವಿಯ ಸೆಪ್ಟೆಂಬರ್ ಒಂದರಂದು ಭಾರತದ ಅಧಿಕೃತ ಕಾಲವು ಸರಕಾರದ ಆಜ್ಞೆಯಂತೆ ಒಂದು ಗಂಟೆ ಮುಂದಕ್ಕೆ ಸರಿಯಿತು. ಎರಡನೆಯ ಮಹಾಯುದ್ಧವು ಆಗ ಭೀಕರ ಹಂತದಲ್ಲಿತ್ತು; ಜಪಾನಿನ ಸೈನ್ಯವು ಬರ್ಮಾ ದೇಶವನ್ನು ಆಕ್ರಮಿಸಿಯಾಗಿತ್ತು. ದೇಶದೊಳಗೆ 'ಭಾರತ ಬಿಟ್ಟು ತೊಲಗಿ' ಚಳವಳಿ ಆರಂಭವಾಗಿ ಮೂರು ವಾರಗಳಷ್ಟೇ ಕಳೆದಿದ್ದವು. ಇಂತಹ ಗೊಂದಲದ ನಡುವೆ ಗಡಿಯಾರದ ಮುಳ್ಳನ್ನು ತಿರುಗಿಸುವ ಆಜ್ಞೆಯು ಸಣ್ಣ ಸಂಗತಿಯೆಂದೇ ತೋರಬಹುದು. ಆದರೆ ಅದು ಪ್ರತಿಯೊಬ್ಬರ ಏಳುವ, ಉಣ್ಣುವ, ದುಡಿಯುವ, ಮಲಗುವ ವೇಳೆಗೆ ಸಂಬಂಧಿಸಿದ್ದಾಗಿತ್ತು.

ಗಜೇಂದ್ರಗಡದ ಸಮೀಪದ ಪುರ್ತಗೇರಿಯಂತಹ ಗ್ರಾಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೆಪ್ಟೆಂಬರ್ ಒಂದರಂದು ಅಲ್ಲಿ ಸೂರ್ಯನು ಹುಟ್ಟುವುದು ಸುಮಾರು 6 ಗಂಟೆ 13 ನಿಮಿಷಕ್ಕೆ. ಹೊಸ ಆಜ್ಞೆಯ ಪ್ರಕಾರ ಅದೇ ಸೂರ್ಯೋದಯವು 7 ಗಂಟೆ 13 ನಿಮಿಷಕ್ಕೆ ಆಯಿತು. ಸೂರ್ಯನೇನೂ ತಡಮಾಡಿರಲಿಲ್ಲ, ಎಣಿಕೆ ಬದಲಾಗಿತ್ತು. ಹಿಂಗಾರಿ ಜೋಳದ ಬಿತ್ತನೆಗೆ ಎರೆಹೊಲವನ್ನು ಹದಗೊಳಿಸುವ ರೈತನಿಗೆ ಈ ಬದಲಾವಣೆ ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ಹೊತ್ತು ಮಾರುದ್ದ ಏರಿದಾಗ, ಬುತ್ತಿಯ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ದಿನವನ್ನು ವಿಭಾಗಿಸಿಕೊಂಡವನಿಗೆ ದೆಹಲಿಯ ಆಜ್ಞೆ ತಟ್ಟುವುದಾದರೂ ಹೇಗೆ? ಅವನ ಎತ್ತುಗಳಿಗಂತೂ ಅದು ತಟ್ಟಲೇ ಇಲ್ಲ. ಆದರೆ ಅದೇ ರೈತನಿಗೆ ಕಚೇರಿಯಲ್ಲಿ ಕೆಲಸವಿದ್ದಾಗ, ಮಗನನ್ನು ಶಾಲೆಗೆ ಕಳುಹಿಸಬೇಕಾದಾಗ, ಹೊಳೆ ಆಲೂರಿನಲ್ಲಿ ರೈಲನ್ನು ಹಿಡಿಯಬೇಕಾದಾಗ ಎರಡು ಲೆಕ್ಕಗಳ ನಡುವಿನ ಒಂದು ಗಂಟೆಯು ಎದುರಿಗೆ ಬಂದು ನಿಲ್ಲುತ್ತಿತ್ತು.

ಈ ಒಂದು ಗಂಟೆ ಎಲ್ಲಿಂದ ಬಂದಿತೆಂಬುದನ್ನು ಅರಿಯಲು ಮೊದಲು ಗಡಿಯಾರಕ್ಕೂ ಸೂರ್ಯನಿಗೂ ಇರುವ ಸಂಬಂಧವನ್ನು ತಿಳಿಯಬೇಕು. ಭೂಮಿಯು ತನ್ನ ಸುತ್ತ ಒಮ್ಮೆ ತಿರುಗಲು 24 ಗಂಟೆ ಬೇಕು. ವೃತ್ತದ 360 ಅಂಶಗಳನ್ನು ಈ ಅವಧಿಗೆ ಹಂಚಿದರೆ ಒಂದು ರೇಖಾಂಶಕ್ಕೆ 4 ನಿಮಿಷವಾಗುತ್ತದೆ. ಆದ್ದರಿಂದ ಪೂರ್ವದ ಊರಿನಲ್ಲಿ ನಡುಹಗಲು ಮೊದಲು, ಪಶ್ಚಿಮದ ಊರಿನಲ್ಲಿ ಅನಂತರ. ಭಾರತದ ಶಿಷ್ಟ ಕಾಲವನ್ನು 82½ ಅಂಶ ಪೂರ್ವ ರೇಖಾಂಶಕ್ಕೆ ಅನುಗುಣವಾಗಿ ಗೊತ್ತುಪಡಿಸಲಾಗಿದೆ. ಪುರ್ತಗೇರಿಯು ಸುಮಾರು 76ನೆಯ ರೇಖಾಂಶದಲ್ಲಿದೆ. ಆರೂವರೆ ಅಂಶಗಳ ಈ ಅಂತರಕ್ಕೆ 26 ನಿಮಿಷ. ಎಂದರೆ ಪುರ್ತಗೇರಿಯಲ್ಲಿ ಸೂರ್ಯನು ನೆತ್ತಿಯ ನೇರಕ್ಕೆ ಬರುವಾಗ ಗೋಡೆಯ ಗಡಿಯಾರವು 12 ಗಂಟೆ 26 ನಿಮಿಷವನ್ನು ತೋರಿಸುತ್ತಿರುತ್ತದೆ. ಹಿಂದಿನವರ ಎಣಿಕೆಯಲ್ಲಿ ಹಗಲುರಾತ್ರಿ ಸೇರಿ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ನೀರಿನಲ್ಲಿ ತೇಲಿಬಿಟ್ಟ, ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲು ತುಂಬಿ ಮುಳುಗಲು ಹಿಡಿಯುವ ಕಾಲವೇ ಆ ಘಳಿಗೆ. ಹೀಗೆ ಪುರ್ತಗೇರಿಯ ಸೂರ್ಯನಿಗೂ ದೇಶದ ಗಡಿಯಾರಕ್ಕೂ ಒಂದು ಘಳಿಗೆಗಿಂತ ತುಸು ಹೆಚ್ಚಿನ ಅಂತರ ಯಾವಾಗಲೂ ಇದ್ದೇ ಇದೆ.

ಶಾಲೆಯ ಅಂಗಳದಲ್ಲಿ ನೆಟ್ಟಗೆ ಒಂದು ಕೋಲನ್ನು ನಿಲ್ಲಿಸಿದರೆ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಕೋಲಿನ ನೆರಳು ಅತ್ಯಂತ ಗಿಡ್ಡವಾದ ಕ್ಷಣವೇ ಆ ಊರಿನ ನಿಜವಾದ ನಡುಹಗಲು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ ಕಾರಣದಿಂದಲೂ ಅದರ ಅಕ್ಷವು ಓರೆಯಾಗಿರುವುದರಿಂದಲೂ ಈ ಕ್ಷಣವು ವರ್ಷವಿಡೀ ಒಂದೇ ಆಗಿರುವುದಿಲ್ಲ. ನವೆಂಬರ್ ಆರಂಭದಲ್ಲಿ ಅದು ಸುಮಾರು 12 ಗಂಟೆ 10 ನಿಮಿಷಕ್ಕೂ ಫೆಬ್ರುವರಿಯ ನಡುವೆ 12 ಗಂಟೆ 40 ನಿಮಿಷಕ್ಕೂ ಬರುತ್ತದೆ. ಮೇ ತಿಂಗಳ ಆರಂಭದಲ್ಲಿ ಹಾಗೂ ಆಗಸ್ಟ್ ಎರಡನೆಯ ವಾರದಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವುದರಿಂದ ಕೋಲಿನ ನೆರಳೇ ಮಾಯವಾಗುತ್ತದೆ.

ಪ್ರತಿ ಊರಿಗೂ ತನ್ನದೇ ನಡುಹಗಲು ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆಯನ್ನು ತಂದದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗಿನಿಂದ ಹೋಟಗಿಯವರೆಗೆ ಹಳಿಗಳನ್ನು ಹಾಸಿತು. ಭಾರತದ ರೈಲುಗಳು ಆ ಕಾಲದಲ್ಲಿ ಮದ್ರಾಸಿನ ಖಗೋಳ ವೀಕ್ಷಣಾಲಯದ ಕಾಲವನ್ನು ಅನುಸರಿಸುತ್ತಿದ್ದವು. ರೋಣ ಪ್ರದೇಶವಾದರೋ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಮುಂಬಯಿ ನಗರಕ್ಕೆ ತನ್ನದೇ ಕಾಲವಿತ್ತು. ಲೆಕ್ಕ ಹಾಕಿದರೆ ಮುಂಬಯಿ ಕಾಲವು ಪುರ್ತಗೇರಿಯ ಸೂರ್ಯನಿಗಿಂತ ಸುಮಾರು 13 ನಿಮಿಷ ಹಿಂದೆ, ಮದ್ರಾಸ್ ಕಾಲವು 17 ನಿಮಿಷ ಮುಂದೆ. ಸೂರ್ಯನನ್ನೇ ನಂಬಿ ಠಾಣ್ಯಕ್ಕೆ ಹೊರಟವನಿಗೆ ರೈಲು ತಪ್ಪುವುದಕ್ಕೆ ಇಷ್ಟು ಸಾಕು.

1906ರ ಜನವರಿ ಒಂದರಿಂದ ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವ ಶಿಷ್ಟ ಕಾಲವು ಜಾರಿಗೆ ಬಂದಿತು. ಮುಂಬಯಿಯ ಜನರು ಇದನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಅದಕ್ಕೂ ಮುಂಚೆ 1881ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ ಅವರು ನಗರದ ಮೇಲೆ ಮದ್ರಾಸ್ ಕಾಲವನ್ನು ಹೇರಲು ಹೋಗಿ, ವಿರೋಧವನ್ನು ತಾಳಲಾರದೆ 1883ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿದ್ದರು. ಈ ಬಾರಿ ಬಟ್ಟೆಯ ಗಿರಣಿಯ ಕಾರ್ಮಿಕರೇ ಸಿಡಿದು ನಿಂತರು. ಶಿಷ್ಟ ಕಾಲವು ಮುಂಬಯಿ ಕಾಲಕ್ಕಿಂತ 39 ನಿಮಿಷ ಮುಂದೆ. ಗಿರಣಿಯ ಗಡಿಯಾರವನ್ನು ಅಷ್ಟು ಮುಂದೆ ತಿರುಗಿಸಿ ಹಳೆಯ ಗಂಟೆಗೇ ಕೆಲಸಕ್ಕೆ ಬರಬೇಕೆಂದರೆ, ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮೊದಲೇ ಎದ್ದು ಬರಬೇಕಾಯಿತು. ಕತ್ತಲಲ್ಲಿ ಎದ್ದು, ಕತ್ತಲಲ್ಲೇ ರೊಟ್ಟಿ ಬೇಯಿಸಿಕೊಂಡು ಹೊರಡುವವರಿಗೆ ಅದು ಅಂಕಿಯ ಆಟವಾಗಿರಲಿಲ್ಲ. ನಗರಸಭೆಯೂ ಹಳೆಯ ಕಾಲವನ್ನೇ ಹಿಡಿದು ನಿಂತಿತು. ಅಂಚೆ ಮತ್ತು ರೈಲಿಗೆ ಒಂದು ಕಾಲ, ನಗರಕ್ಕೆ ಇನ್ನೊಂದು ಕಾಲ ಎಂಬ ಈ ಜಗ್ಗಾಟ ಸ್ವಾತಂತ್ರ್ಯಾನಂತರ, 1950ರ ದಶಕದವರೆಗೂ ನಡೆಯಿತು. ವಿದೇಶೀ ಸರಕಾರದ ಮೇಲಿನ ಅಸಮಾಧಾನವೂ ಇದರಲ್ಲಿ ಬೆರೆತಿತ್ತೆಂಬುದನ್ನು ಮರೆಯುವಂತಿಲ್ಲ.

ಬೇಸಗೆಯಲ್ಲಿ ಗಡಿಯಾರವನ್ನು ಮುಂದೆ ಸರಿಸಿ ಹಗಲಿನ ಬೆಳಕನ್ನು ಉಳಿಸುವ ವಿಚಾರವು ಶೀತದೇಶಗಳಲ್ಲಿ ಹುಟ್ಟಿದ್ದು. ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸಿನ ಜನರು ತಡವಾಗಿ ಎದ್ದು ಮೇಣದ ಬತ್ತಿಗಳನ್ನು ಸುಡುವುದನ್ನು ಹಾಸ್ಯ ಮಾಡಿ ಒಂದು ಪತ್ರ ಬರೆದಿದ್ದನು. ಗಡಿಯಾರವನ್ನು ತಿರುಗಿಸುವ ಮಾತು ಅದರಲ್ಲಿರಲಿಲ್ಲ. ನಿಜವಾದ ಸಲಹೆ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ನನದು. ಅಂಚೆ ಕಚೇರಿಯಲ್ಲಿ ದುಡಿಯುತ್ತಿದ್ದ ಆತನಿಗೆ ಕೀಟಗಳನ್ನು ಸಂಗ್ರಹಿಸುವ ಹವ್ಯಾಸ. ಕೆಲಸ ಮುಗಿದ ಮೇಲೆ ಬೆಳಕು ಉಳಿದಿರಲೆಂದು 1895ರಲ್ಲಿ ಆತ ಎರಡು ಗಂಟೆಗಳ ಮುನ್ನಡೆಯನ್ನು ಸೂಚಿಸಿದನು. 1907ರಲ್ಲಿ ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ ಎಂಬಾತನು ಏಪ್ರಿಲ್ ತಿಂಗಳ ನಾಲ್ಕು ಭಾನುವಾರಗಳಂದು ಇಪ್ಪತ್ತಿಪ್ಪತ್ತು ನಿಮಿಷ ಸರಿಸಬೇಕೆಂದು ಕಿರುಪುಸ್ತಕವನ್ನು ಪ್ರಕಟಿಸಿ, ತನ್ನ ಉಳಿದ ಆಯುಷ್ಯವನ್ನೆಲ್ಲ ಅದರ ಪ್ರಚಾರಕ್ಕೆ ಮೀಸಲಿಟ್ಟನು. ಪಾರ್ಲಿಮೆಂಟು ಅವನ ಸಲಹೆಯನ್ನು ಅಂಗೀಕರಿಸಲಿಲ್ಲ. ಅವನು 1915ರಲ್ಲಿ ತೀರಿಕೊಂಡನು. ಮರುವರ್ಷವೇ ಮೊದಲನೆಯ ಮಹಾಯುದ್ಧದ ಕಲ್ಲಿದ್ದಲ ಅಭಾವದಿಂದಾಗಿ ಜರ್ಮನಿಯು ಗಡಿಯಾರವನ್ನು ಮುಂದೆ ಸರಿಸಿತು. ಮೂರು ವಾರಗಳೊಳಗೆ ಬ್ರಿಟನ್ನೂ ಶತ್ರುವನ್ನೇ ಅನುಸರಿಸಿತು.

ಈ ವ್ಯವಸ್ಥೆ ಅಲ್ಲಿಗೆ ಒಪ್ಪುವುದೇಕೆಂಬುದಕ್ಕೆ ಅಕ್ಷಾಂಶವೇ ಉತ್ತರ. ಲಂಡನ್ನಿನಲ್ಲಿ ಜೂನ್ ತಿಂಗಳ ದೀರ್ಘತಮ ಹಗಲು ಹದಿನಾರೂವರೆ ಗಂಟೆಗಳಿಗೂ ಹೆಚ್ಚು. ಡಿಸೆಂಬರಿನ ಹ್ರಸ್ವತಮ ಹಗಲು ಎಂಟು ಗಂಟೆಗಳಿಗೂ ಕಡಿಮೆ. ಗಡಿಯಾರವನ್ನು ಸರಿಸದಿದ್ದರೆ ಬೇಸಗೆಯಲ್ಲಿ ಅಲ್ಲಿಯ ಸೂರ್ಯನು ಪೌನೇ ನಾಲ್ಕಕ್ಕೇ ಹುಟ್ಟಿ, ಜನರು ಮಲಗಿರುವಾಗಲೇ ಬೆಳಕು ವ್ಯರ್ಥವಾಗುತ್ತದೆ. ಪುರ್ತಗೇರಿಯಲ್ಲಿ ದೀರ್ಘತಮ ಹಗಲು 13 ಗಂಟೆ, ಹ್ರಸ್ವತಮ ಹಗಲು 11 ಗಂಟೆಗಿಂತ ಸ್ವಲ್ಪ ಹೆಚ್ಚು. ವರ್ಷದ ಯಾವ ದಿನವೂ ಸೂರ್ಯೋದಯವು ಬೆಳಗಿನ ಆರರಿಂದ ಏಳರ ಆಸುಪಾಸನ್ನು ಬಿಟ್ಟು ಹೋಗುವುದಿಲ್ಲ. ಉಳಿಸುವುದಕ್ಕೆ ಇಲ್ಲಿ ಮುಂಜಾನೆಯ ಹೆಚ್ಚಿನ ಬೆಳಕೇ ಇಲ್ಲ.

ಆದರೂ 1942ರ ಆಜ್ಞೆ ಬೇಸಗೆಯೊಂದಕ್ಕೇ ಸೀಮಿತವಾಗಲಿಲ್ಲ. 1945ರ ಅಕ್ಟೋಬರ್ 15ರವರೆಗೆ, ಮೂರು ವರ್ಷ ಒಂದೂವರೆ ತಿಂಗಳ ಕಾಲ, ಮಳೆಗಾಲ ಚಳಿಗಾಲಗಳೆನ್ನದೆ ಅದು ನಡೆಯಿತು. ನಗರಗಳ ಕಾರ್ಖಾನೆಗಳಲ್ಲಿ ಸಂಜೆಯ ವಿದ್ಯುತ್ತನ್ನು ಉಳಿಸುವುದು ಅದರ ಉದ್ದೇಶ. ವಿದ್ಯುದ್ದೀಪವನ್ನೇ ಕಾಣದ ಹಳ್ಳಿಗಳಿಗೆ ಅದರಿಂದ ಉಳಿತಾಯವಾಗುವಂತಿರಲಿಲ್ಲ. ಕಷ್ಟವು ಮಾತ್ರ ಪಾಲಿಗೆ ಬಂದಿತು. ಜನವರಿಯ ಮೂರನೆಯ ವಾರದಲ್ಲಿ ಪುರ್ತಗೇರಿಯ ಸೂರ್ಯೋದಯವು ಶಿಷ್ಟ ಕಾಲದಂತೆ 6 ಗಂಟೆ 57 ನಿಮಿಷಕ್ಕೆ. ಯುದ್ಧಕಾಲದ ಲೆಕ್ಕದಂತೆ 7 ಗಂಟೆ 57 ನಿಮಿಷಕ್ಕೆ. ಮುಂಜಾನೆಯ ಶಾಲೆ ಏಳೂವರೆಗೆ ಎಂದಾದರೆ ಮಕ್ಕಳು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ, ಚಳಿಯಲ್ಲಿ, ಪಾಟಿ ಹಿಡಿದು ಸಾಲಾಗಿ ನಿಲ್ಲಬೇಕಾಗಿತ್ತು. ನಡುಹಗಲು ಗಡಿಯಾರದಲ್ಲಿ ಒಂದೂವರೆ ಗಂಟೆಯ ಸಮೀಪಕ್ಕೆ ಬಂದುಬಿಟ್ಟಿತ್ತು. ಪಂಚಾಂಗ ನೋಡುವವರಿಗೂ ತೊಡಕು ತಪ್ಪಲಿಲ್ಲ. ಅವರ ಘಳಿಗೆಗಳು ಸೂರ್ಯೋದಯದಿಂದ ಎಣಿಕೆಯಾಗುವಂಥವು. ಗಡಿಯಾರದ ಗಂಟೆಗೆ ತಿರುಗಿಸುವಾಗ ಎರಡೂವರೆ ಘಳಿಗೆಯನ್ನು ಕೂಡಿಸಬೇಕಾಗಿತ್ತು.

ಗಡಿಯಾರವನ್ನು ಸರಿಸುವ ಕೆಲಸವೂ ಆ ಕಾಲದಲ್ಲಿ ಜಾಗರೂಕತೆಯನ್ನು ಬೇಡುತ್ತಿತ್ತು. ವಾರಕ್ಕೊಮ್ಮೆ ಕೀಲಿ ಕೊಡುವ ಲೋಲಕದ ಗಡಿಯಾರಗಳಲ್ಲಿ ಗಂಟೆ ಬಾರಿಸುವ ಭಾಗವು ಮುಳ್ಳುಗಳನ್ನು ನಡೆಸುವ ಭಾಗದಿಂದ ಬೇರೆಯಾಗಿರುತ್ತದೆ. ಹಳೆಯ ಅನೇಕ ಗಡಿಯಾರಗಳಲ್ಲಿ ಹಲ್ಲುಗಳ ನಡುವಿನ ಅಂತರ ಹೆಚ್ಚುತ್ತ ಹೋಗುವ ಒಂದು ಎಣಿಕೆಯ ಚಕ್ರವಿದ್ದು, ನಿಮಿಷದ ಮುಳ್ಳು ಹನ್ನೆರಡಕ್ಕೆ ಬಂದಾಗಲೆಲ್ಲ ಅದು ತನ್ನ ಮುಂದಿನ ಅಂಕಿಯನ್ನು ಬಾರಿಸುತ್ತದೆ. ಗಂಟೆಯ ಮುಳ್ಳು ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು. ಆತುರದಿಂದ ಮುಳ್ಳನ್ನು ಸರ್ರನೆ ತಿರುಗಿಸಿದರೆ ಒಂದು ಬಾರಿಸುವಿಕೆ ತಪ್ಪಿಹೋಗಿ, ಮುಖದ ಮೇಲೆ ಐದು ಗಂಟೆ, ಸದ್ದಿನಲ್ಲಿ ನಾಲ್ಕು ಎಂಬಂತಾಗುತ್ತದೆ. ಮುಂದೆ ಸರಿಸುವಾಗ ಅರ್ಧ ಗಂಟೆಯಲ್ಲೊಮ್ಮೆ, ಗಂಟೆಯಲ್ಲೊಮ್ಮೆ ನಿಂತು ಪೂರ್ತಿ ಬಾರಿಸಿದ ಮೇಲೆ ಮುಂದುವರಿಯಬೇಕು.

ಹಿಂದಕ್ಕೆ ತಿರುಗಿಸುವುದು ಇದಕ್ಕಿಂತ ಕಠಿಣ. ಅನೇಕ ಗಡಿಯಾರಗಳಲ್ಲಿ ಮುಳ್ಳನ್ನು ಹಿಂದೆ ತಳ್ಳಿದರೆ ಗಂಟೆಯನ್ನು ಬಿಡಿಸುವ ಸನ್ನೆ ಸಿಕ್ಕಿಬಿದ್ದು ಬಾಗುತ್ತದೆ. 1945ರ ಅಕ್ಟೋಬರಿನಲ್ಲಿ ಇಂತಹ ಗಡಿಯಾರವುಳ್ಳವರಿಗೆ ಎರಡು ದಾರಿಗಳಿದ್ದವು. ಒಂದು, ಲೋಲಕವನ್ನು ಕೈಯಿಂದ ನಿಲ್ಲಿಸಿ, ಸರಿಯಾಗಿ ಒಂದು ಗಂಟೆಯ ನಂತರ ಮತ್ತೆ ತೂಗಿಬಿಡುವುದು. ಇನ್ನೊಂದು, ಹನ್ನೊಂದು ಗಂಟೆ ಮುಂದಕ್ಕೆ ತಿರುಗಿಸುವುದು. ಹನ್ನೆರಡು ಅಂಕಿಗಳ ಮುಖದ ಮೇಲೆ ಅದು ಒಂದು ಗಂಟೆ ಹಿಂದೆ ಬಂದಂತೆಯೇ. ಎರಡು ಬಾರಿಸಿ ಮುಗಿಸಿದ ಗಡಿಯಾರವನ್ನು ಹೀಗೆ ಒಂದಕ್ಕೆ ತರಬೇಕಾದರೆ ಮೂರರಿಂದ ಹನ್ನೆರಡರವರೆಗೆ, ಮತ್ತೆ ಒಂದು, ಒಟ್ಟು 76 ಪೆಟ್ಟುಗಳನ್ನೂ ಅರ್ಧ ಗಂಟೆಗಳ 11 ಪೆಟ್ಟುಗಳನ್ನೂ ಕೇಳಬೇಕು. ಮೊದಲನೆಯ ದಾರಿಯೇ ಬುದ್ಧಿವಂತರ ದಾರಿ.

ಕೈಗಡಿಯಾರಕ್ಕೆ ಈ ಕಷ್ಟವಿಲ್ಲ. ಬದಿಯ ತಿರುಗಣೆಯನ್ನು ಹೊರಗೆಳೆದು ತಿರುಗಿಸಿದರೆ ಸಾಕು. 1961ರಿಂದ ಬೆಂಗಳೂರಿನ ಎಚ್‌.ಎಂ.ಟಿ. ಕಾರ್ಖಾನೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳನ್ನು ತಯಾರಿಸಲು ಆರಂಭಿಸಿದ ಮೇಲೆ ಅವು ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿದವು. ಮುಂದೆ ಬಂದ ಸ್ಫಟಿಕ ಗಡಿಯಾರಗಳಲ್ಲಿ ಲೋಲಕದ ಬದಲು ಸೆಕೆಂಡಿಗೆ 32,768 ಬಾರಿ ಕಂಪಿಸುವ ಚಿಕ್ಕ ಸ್ಫಟಿಕವಿದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಒಂದು ಉಳಿಯುತ್ತದೆ. ಒಳಗಿನ ಮಂಡಲವು ಮಾಡುವುದೂ ಅದನ್ನೇ.

ಭಾರತದಲ್ಲಿ ಈ ಪದ್ಧತಿ ನಿಂತುಹೋಗಿದ್ದರೂ ವಿದೇಶಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳು ವರ್ಷಕ್ಕೆ ಎರಡು ಸಲ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಂಟೆ ಮುಂದೆ ಸರಿದು, ಅಕ್ಟೋಬರಿನ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಅಮೆರಿಕದಲ್ಲಿ 2007ರಿಂದ ಇದು ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲನೆಯ ಭಾನುವಾರ. ಮೊಬೈಲ್ ಫೋನು, ಗಣಕಯಂತ್ರಗಳು ರಾತ್ರಿಯೇ ತಮ್ಮಷ್ಟಕ್ಕೆ ತಿದ್ದಿಕೊಳ್ಳುತ್ತವೆ. ಜರ್ಮನಿಯ ಮೈನ್‌ಫ್ಲಿಂಗನ್, ಅಮೆರಿಕದ ಫೋರ್ಟ್ ಕಾಲಿನ್ಸ್ ಎಂಬಲ್ಲಿಂದ ಹೊರಡುವ ರೇಡಿಯೊ ಸಂಕೇತವನ್ನು ಹಿಡಿಯುವ ಗೋಡೆಗಡಿಯಾರಗಳೂ ಹಾಗೆಯೇ. ಆದರೆ ಅಡುಗೆಮನೆಯ ಒಲೆ, ಹಳೆಯ ಕಾರು, ಊರಿನಿಂದ ಒಯ್ದ ಅಜ್ಜನ ಕೈಗಡಿಯಾರ ಇವುಗಳನ್ನು ಕೈಯಿಂದಲೇ ತಿದ್ದಬೇಕು. ತಿದ್ದಲು ಸೋಮಾರಿತನವಾಗಿ, ಅರ್ಧ ವರ್ಷ ತಪ್ಪು ಗಂಟೆಯನ್ನೇ ತೋರಿಸುತ್ತ ಅನಂತರ ತಾನಾಗಿ ಸರಿಯಾಗುವ ಕಾರಿನ ಗಡಿಯಾರಗಳಿಗೆ ಅಲ್ಲಿ ಕೊರತೆಯಿಲ್ಲ.

ಊರಿನಲ್ಲಿರುವ ತಂದೆತಾಯಿಗಳಿಗೆ ಈ ಬದಲಾವಣೆ ತಟ್ಟುವುದು ದೂರವಾಣಿಯ ಮೂಲಕ. ಲಂಡನ್ನಿಗೂ ಭಾರತಕ್ಕೂ ಬೇಸಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಅಂತರ. ನ್ಯೂಯಾರ್ಕಿಗಾದರೆ ಒಂಬತ್ತೂವರೆ, ಹತ್ತೂವರೆ. ನ್ಯೂಯಾರ್ಕಿನಲ್ಲಿರುವ ಮಗನು ದಿನವೂ ರಾತ್ರಿ ಒಂಬತ್ತಕ್ಕೆ ಕರೆ ಮಾಡುವವನಾದರೆ, ಬೇಸಗೆಯಲ್ಲಿ ಅದು ಊರಿಗೆ ಬೆಳಗಿನ ಆರೂವರೆಗೆ ಬರುತ್ತದೆ, ನವೆಂಬರಿನಿಂದ ಏಳೂವರೆಗೆ. ಕಾರಣ ತಿಳಿಯದ ಮುದುಕಿ ತಾಯಿಯು ಆ ಮೊದಲ ದಿನದ ಒಂದು ಗಂಟೆಯನ್ನು ಕಳವಳದಲ್ಲೇ ಕಳೆದರೆ ಆಶ್ಚರ್ಯವಿಲ್ಲ. ಹೊತ್ತು ತಪ್ಪದೆ ಔಷಧ ತೆಗೆದುಕೊಳ್ಳುವ ರೋಗಿಗಳು, ಆಸ್ಪತ್ರೆಯ ರಾತ್ರಿ ಪಾಳಿಯವರು ಇನ್ನೂ ಎಚ್ಚರದಿಂದಿರಬೇಕು. ಗಂಟೆ ಹಿಂದೆ ಸರಿದ ರಾತ್ರಿ ಅಮೆರಿಕದಲ್ಲಿ ಒಂದೂವರೆ ಗಂಟೆ ಎಂಬುದು ಎರಡು ಸಲ ಬರುತ್ತದೆ. ಯುರೋಪಿನ ಸಂಸತ್ತು 2019ರಲ್ಲಿ ಈ ಪದ್ಧತಿಯನ್ನು ನಿಲ್ಲಿಸಲು ಮತ ನೀಡಿದರೂ ಸದಸ್ಯ ರಾಷ್ಟ್ರಗಳ ನಡುವೆ ಒಮ್ಮತವಾಗದೆ ಅದು ಮುಂದುವರಿದಿದೆ.

ನೆರೆಯ ಶ್ರೀಲಂಕಾದ ಅನುಭವವೂ ಗಮನಾರ್ಹ. ಮಳೆ ಕೈಕೊಟ್ಟು ಜಲವಿದ್ಯುತ್ತಿನ ಅಭಾವವಾದಾಗ, 1996ರ ಮೇ ತಿಂಗಳಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸಲಾಯಿತು. ಅಕ್ಟೋಬರಿನಲ್ಲಿ ಅರ್ಧ ಗಂಟೆ ಹಿಂದೆ ತರಲಾಯಿತು. 2006ರಲ್ಲಿ ಉಳಿದ ಅರ್ಧ ಗಂಟೆಯನ್ನೂ ಬಿಟ್ಟುಕೊಡಲಾಯಿತು. ಭಾರತದ ಈಶಾನ್ಯ ಭಾಗದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಸೂರ್ಯನು ಬಹು ಬೇಗ ಹುಟ್ಟುವುದರಿಂದ ಅಸ್ಸಾಮಿನ ಚಹಾ ತೋಟಗಳಲ್ಲಿ ಶಿಷ್ಟ ಕಾಲಕ್ಕಿಂತ ಒಂದು ಗಂಟೆ ಮುಂದಿರುವ 'ಬಾಗಾನ್' ಕಾಲವನ್ನು ಬ್ರಿಟಿಷರ ದಿನಗಳಿಂದಲೂ ಬಳಸಲಾಗಿದೆ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ. ಪಿ. ಸೇನ್‌ಗುಪ್ತ ಮತ್ತು ವಿ. ಕೆ. ಅಗ್ರವಾಲ್ ಅವರು 2007ರಲ್ಲಿ ಬೇರೊಂದು ಮಾರ್ಗವನ್ನು ಸೂಚಿಸಿದರು. ವರ್ಷಕ್ಕೆರಡು ಸಲ ಗಡಿಯಾರವನ್ನು ತಿರುಗಿಸುವುದೂ ಬೇಡ, ದೇಶವನ್ನು ಎರಡು ಕಾಲವಲಯಗಳಾಗಿ ಒಡೆಯುವುದೂ ಬೇಡ. ಶಿಷ್ಟ ಕಾಲವನ್ನೇ ಶಾಶ್ವತವಾಗಿ ಅರ್ಧ ಗಂಟೆ ಮುಂದೆ ಸರಿಸಿದರೆ ಸಂಜೆಯ ದೀಪಗಳ ವಿದ್ಯುತ್ತಿನಲ್ಲಿ ವರ್ಷಕ್ಕೆ 200 ಕೋಟಿ ಯೂನಿಟ್‌ಗಳಿಗೂ ಹೆಚ್ಚು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಎರಡು ವಲಯಗಳಾದರೆ ಗಡಿಯ ಠಾಣ್ಯಗಳಲ್ಲಿ ರೈಲುಗಳ ವೇಳೆ ತಪ್ಪಿ ಅಪಘಾತಗಳಾಗಬಹುದೆಂಬ ಭಯ ಅವರದು. ಒಂಟಿ ಹಳಿಯ ಮಾರ್ಗಗಳಿರುವ ದೇಶದಲ್ಲಿ ಆ ಭಯವನ್ನು ತಳ್ಳಿಹಾಕುವಂತಿಲ್ಲ. ಈ ಸಲಹೆಯು ಜಾರಿಗೆ ಬಂದಿಲ್ಲ. ಬಂದದ್ದಾದರೆ ಪುರ್ತಗೇರಿಯಲ್ಲಿ ಜನವರಿಯ ಸೂರ್ಯೋದಯವು 7 ಗಂಟೆ 27 ನಿಮಿಷಕ್ಕಾಗುತ್ತದೆ, ನಡುಹಗಲಿಗೂ ಗಡಿಯಾರದ ಹನ್ನೆರಡಕ್ಕೂ ಇರುವ ಅಂತರವು 26 ನಿಮಿಷದಿಂದ 56 ನಿಮಿಷಕ್ಕೆ ಏರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತೂ ಅಷ್ಟೇ ಮುಂದಕ್ಕೆ ಹೋಗುತ್ತದೆ.